ಸುಣ್ಣವೋ, ಸಿಮೆಂಟ್ ಪೇಂಟೋ, ಎಮಲ್ಷನ್ನೋ? ಶಾಲೆ ಕಾಂಪೌಂಡಿನ ಜಾಹೀರಾತು ಮುಚ್ಚುವ ಬಣ್ಣಗಳ ವಿಮರ್ಶೆ

ಗುಬ್ಬಿ, ಶಿರಾ, ಮಧುಗಿರಿ ಕಡೆ ರಸ್ತೆ ಬದಿಯ ಸರ್ಕಾರಿ ಶಾಲೆ ಎಂದರೆ ಕಂಪನಿಗಳ ಪಾಲಿಗೆ ಬಾಡಿಗೆಯಿಲ್ಲದ ಹೋರ್ಡಿಂಗ್. ಸಿಮೆಂಟು, ಮೊಬೈಲು, ಕೋಚಿಂಗ್ ಸೆಂಟರು, ಹೀಗೆ ಬಸ್ಸಿನಿಂದ ಕಾಣುವ ಗೋಡೆಯನ್ನು ಖಾಲಿ ಬಿಡುವವರಿಲ್ಲ. ಅಳಿಸೋಣ ಎಂದು ಎಸ್‌ಡಿಎಂಸಿಯವರೋ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಳೇ ವಿದ್ಯಾರ್ಥಿಗಳೋ ಹೊರಟಾಗ ಮೊದಲು ತರುವುದು ಸುಣ್ಣ. ಎಡವುವುದೂ ಅಲ್ಲೇ.

ಗೋಡೆ ಬರಹದವರು ಹೆಚ್ಚಾಗಿ ಬಳಸುವುದು ಎನಾಮಲ್, ಅಂದರೆ ಹೊಳಪಿನ ಎಣ್ಣೆ ಬಣ್ಣ. ಆ ನುಣುಪಿನ ಮೇಲೆ ಸುಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಎರಡು ಮಳೆ ಬಿದ್ದರೆ ಹಕ್ಕಳೆ ಎದ್ದು ಕೆಂಪಕ್ಷರ ಮತ್ತೆ ಇಣುಕುತ್ತದೆ. ಈ ಕೆಲಸದ ಮಟ್ಟಿಗೆ ಸುಣ್ಣಕ್ಕೆ ಐದರಲ್ಲಿ ಒಂದು ಅಂಕ, ಅದೂ ಅಗ್ಗ ಅನ್ನುವುದಕ್ಕೆ.

ಸ್ನೋಸೆಮ್ ಎಂದೇ ಎಲ್ಲರೂ ಕೇಳುವ ಸಿಮೆಂಟ್ ಪೇಂಟ್ ಬರಿ ಗಾರೆ ಗೋಡೆಗೆ ಒಳ್ಳೆಯದೇ. ಗೋಡೆ ನೆನೆಸಿ ಬಳಿಯಬೇಕು, ಕಲಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಎರಡು ದಿನ ನೀರು ಚಿಮುಕಿಸಬೇಕು. ಎನಾಮಲ್ ಗೋಡೆ ನೀರನ್ನೇ ಕುಡಿಯುವುದಿಲ್ಲ, ಇನ್ನು ನೆನೆಯುವುದೆಲ್ಲಿ? ಪಾವಗಡ, ಬಾಗೇಪಲ್ಲಿ ಕಡೆಯ ಉಪ್ಪು ಬೋರ್‌ವೆಲ್ ನೀರಲ್ಲಿ ಕಲಸಿದರೆ ಬಿಳಿ ಹೊಪ್ಪಳ ಬೇರೆ. ಎರಡು ಅಂಕ.

ಉಳಿಯುವುದು ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ಹೊರಗೋಡೆಗೆ ಬಳಿಯುವ, ನೀರು ಬೆರೆಸುವ ಬಣ್ಣ. ನಾಲ್ಕು ಅಂಕ ಕೊಡಬಹುದು, ಆದರೆ ತಯಾರಿ ಸರಿಯಾಗಿದ್ದರೆ ಮಾತ್ರ.

ಮೊದಲು ಒದ್ದೆ ಬಟ್ಟೆಯಿಂದ ಅಕ್ಷರ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಡಿಸ್ಟೆಂಪರ್. ಪೂರ್ತಿ ಕೆರೆದು ತೊಳೆಯದೆ ಏನೂ ಬಳಿಯಬೇಡಿ, ಹೊಸ ಬಣ್ಣ ಅದರ ಜತೆಗೇ ಕಳಚುತ್ತದೆ. ನೀರು ಹನಿಹನಿಯಾಗಿ ಜಾರಿದರೆ ಎನಾಮಲ್. 80 ನಂಬರ್ ಎಮೆರಿ ಪೇಪರಿನಲ್ಲಿ ಹೊಳಪು ಸಾಯುವವರೆಗೆ ಉಜ್ಜಿ, ಧೂಳು ಒರೆಸಿ, ಅಕ್ಷರಗಳ ಮೇಲಷ್ಟೇ ಆಯಿಲ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಕೋಟು) ಹಚ್ಚಿ ಒಂದು ದಿನ ಒಣಗಿಸಿ. ನೀರಿನ ಪ್ರೈಮರ್ ಹಚ್ಚಿದರೆ ಕೆಲವು ಕೆಂಪು ಬಣ್ಣ ಮೇಲಕ್ಕೆ ಒಸರಿ ಗುಲಾಬಿ ಕಲೆಯಾಗಿ ಕಾಣುತ್ತದೆ. ಉಳಿದ ಗೋಡೆಗೆ ಮಾಮೂಲಿ ಎಕ್ಸ್‌ಟೀರಿಯರ್ ಪ್ರೈಮರ್ ಸಾಕು. ಆಮೇಲೆ ನಾಲ್ಕು ಗಂಟೆ ಅಂತರದಲ್ಲಿ ಎಮಲ್ಷನ್ ಎರಡು ಕೋಟು.

100 ಅಡಿ ಉದ್ದ, 5 ಅಡಿ ಎತ್ತರದ ಗೋಡೆ ಅಂದರೆ 500 ಚದರಡಿ. ಒರಟು ಗಾರೆಗೆ ಪ್ರೈಮರ್ 6ರಿಂದ 8 ಲೀಟರ್, ಎರಡು ಕೋಟಿಗೆ ಎಮಲ್ಷನ್ 10ರಿಂದ 12 ಲೀಟರ್ ಹಿಡಿಯಿರಿ. 20 ಲೀಟರಿನ ಬಕೆಟ್ ತಂದರೆ ಗೇಟಿನ ಕಂಬಕ್ಕೂ ಆಗಿ ಮಿಗುತ್ತದೆ. ಪಡುವಣ ಗೋಡೆಗೆ ಬೆಳಗ್ಗೆಯೇ ಬಳಿಯಿರಿ. ಕಾದ ಗೋಡೆಯಲ್ಲಿ ಬ್ರಷ್ ಎಳೆಯುವಷ್ಟರಲ್ಲಿ ಬಣ್ಣ ಒಣಗಿ ಗೆರೆ ಉಳಿಯುತ್ತದೆ. ಕೆಲಸ ಡಿಸೆಂಬರ್–ಫೆಬ್ರವರಿಯಲ್ಲೇ ಆಗಲಿ. ಏಪ್ರಿಲ್–ಮೇ ರಜೆಯಲ್ಲಿ ಗೇಟಿಗೆ ಬೀಗ, ಗೋಡೆ ಕೇಳುವವರಿರುವುದಿಲ್ಲ.

ನಾಲ್ಕನೆಯ ಬಣ್ಣ ಒಂದಿದೆ: ಪುಕ್ಕಟೆ ಬಣ್ಣ. "ಪೂರ್ತಿ ಕಾಂಪೌಂಡು ನಾವೇ ಬಳಿದು ಕೊಡ್ತೀವಿ ಸಾರ್, ಒಂದು ಮೂಲೆಯಲ್ಲಿ ನಮ್ಮ ಲೋಗೋ ಇರುತ್ತೆ ಅಷ್ಟೆ." ಮೂಲೆ ಎಂದವರು ಕೊನೆಗೆ ಹಿಡಿಯುವುದು ಗೇಟಿನ ಪಕ್ಕದ ಜಾಗವನ್ನೇ. ಇದಕ್ಕೆ ಸೊನ್ನೆ ಅಂಕ. ಮುಖ್ಯಶಿಕ್ಷಕರು ಒಬ್ಬರೇ ಇಲ್ಲ ಎನ್ನಲು ಮುಜುಗರ ಪಡುತ್ತಾರೆ, ಆದ್ದರಿಂದ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆಸಿಡಿ: "ಶಾಲೆಯ ಗೋಡೆ, ನಾಮಫಲಕ, ಗೇಟಿನ ಮೇಲೆ ಯಾವುದೇ ವಾಣಿಜ್ಯ ಹೆಸರು ಅಥವಾ ಲಾಂಛನ ಬರೆಸತಕ್ಕದ್ದಲ್ಲ." ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಒಂದು ಪಂಚಾಯಿತಿಗೆ. ಕೇಳಲು ಬಂದವರಿಗೆ ಆ ಹಾಳೆ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಚಿಪ್ಸು, ಕೋಲಾದಂಥವು ಆದರೆ ಕಾನೂನಿನ ಬೆಂಬಲವೂ ಉಂಟು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮಾವಳಿಯಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್‌ವರೆಗೂ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ತಂಬಾಕಿಗೆ 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯಿದೆ ಇದೆ. ಸಿಮೆಂಟು, ಕೋಚಿಂಗಿನ ಜಾಹೀರಾತು ಈ ಎರಡು ಕಾನೂನಿಗೂ ಸಿಗುವುದಿಲ್ಲ. ಅಲ್ಲಿ ಠರಾವೇ ಗತಿ.

ಬಳಿದ ಗೋಡೆಯನ್ನು ಬೋಳಾಗಿ ಬಿಟ್ಟರೆ ಮುಂದಿನ ಜಾಹೀರಾತಿಗೆ ಹಾಳೆ ಹಾಸಿಕೊಟ್ಟಂತೆ. ರಸ್ತೆಗೆ ಕಾಣುವ ಭಾಗದಲ್ಲಿ ಮಗ್ಗಿಯೋ ವರ್ಣಮಾಲೆಯೋ ತುಮಕೂರಿನ ಹತ್ತು ತಾಲ್ಲೂಕುಗಳ ನಕ್ಷೆಯೋ ಬರಲಿ. ನಕ್ಷೆ ಬರೆಸುವಾಗ ಪೆನ್ಸಿಲ್ ಗೆರೆಯಲ್ಲೇ ಒಮ್ಮೆ ನೋಡಿ: ಬಿಡಿ ತುಂಡಿನಂತೆ ಉತ್ತರಕ್ಕಿರುವ ಪಾವಗಡವನ್ನು ಪೇಂಟರ್‌ಗಳು ಮಧುಗಿರಿಗೆ ಅಂಟಿಸಿಬಿಡುತ್ತಾರೆ, ಇಲ್ಲವೇ ಜಾಗ ಸಾಲದೆ ಕೈಬಿಡುತ್ತಾರೆ. ನೆಲದಿಂದ ಒಂದೂವರೆ ಅಡಿಗೆ ಕಾವಿ ಬಣ್ಣದ ಪಟ್ಟಿ ಇರಲಿ, ಮಳೆಗಾಲದ ಕೆಸರು ಕಾಣುವುದಿಲ್ಲ.

ಮಿಕ್ಕ ಎಮಲ್ಷನ್‌ನಲ್ಲಿ ಒಂದೆರಡು ಲೀಟರನ್ನು ಚಿಕ್ಕ ಡಬ್ಬಿಗೆ ಕುತ್ತಿಗೆಮಟ್ಟ ತುಂಬಿ, ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿಯಿರಿ. ಶೇಡ್ ನಂಬರನ್ನು ಆಫೀಸಿನ ಬೀರು ಬಾಗಿಲ ಒಳಗಡೆ ಬರೆದಿಡಿ. ಯಾರಾದರೂ ರಾತ್ರೋರಾತ್ರಿ ಪೋಸ್ಟರ್ ಅಂಟಿಸಿದರೆ, ನೆನೆಸಿ ಕಿತ್ತು, ಒಣಗಿಸಿ, ಸಂಜೆಯೊಳಗೆ ತೇಪೆ ಹಚ್ಚಬಹುದು.