ಹತ್ತು ನಿಮಿಷದ ಆಯಿಲ್ ಚೇಂಜ್: ದಾವಣಗೆರೆಯ ಅಂಗಡಿಯೋ, ಮನೆಯಂಗಳವೋ?

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಾಗಲಿ, ಚಿತ್ರದುರ್ಗದ ಹೆದ್ದಾರಿ ಪಕ್ಕದಲ್ಲಾಗಲಿ ಆಯಿಲ್ ಚೇಂಜ್ ಅಂಗಡಿಗಳ ಚಹರೆ ಹೆಚ್ಚುಕಡಿಮೆ ಒಂದೇ. ಗೋಡೆ ತುಂಬ ಡಬ್ಬಿ, ಮುಂದೆ ಒಂದು ರ‍್ಯಾಂಪು ಇಲ್ಲವೇ ಗುಂಡಿ, ಮೂಲೆಯಲ್ಲಿ ಹಳೆ ಆಯಿಲ್ ತುಂಬಿದ ಬ್ಯಾರೆಲ್ಲು. ಆಯಿಲ್ ಅಲ್ಲೇ ಕೊಂಡರೆ ಕೂಲಿ ಇಲ್ಲ, ಇಲ್ಲವಾದರೆ ಬೈಕಿಗೆ ಐವತ್ತೋ ನೂರೋ. ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ರೆಡಿ.

ತಕರಾರು ಇರುವುದು ಆ ಚಹಾದ ಹೊತ್ತಿನಲ್ಲೇ. ಇಂಜಿನ್ ತಳದ ಡ್ರೈನ್ ಬೋಲ್ಟು ಬಿಚ್ಚಿದ ಮೇಲೆ ಮೊದಲ ಎರಡು ನಿಮಿಷದಲ್ಲಿ ಬಹುಪಾಲು ಆಯಿಲ್ ಧಾರೆಯಾಗಿ ಇಳಿದುಬಿಡುತ್ತದೆ, ನೋಡುವವರಿಗೆ ಮುಗಿದಂತೆಯೇ ಕಾಣುತ್ತದೆ. ಇಂಜಿನ್ನಿನ ಮೇಲ್ಭಾಗದ ಹೆಡ್ಡಿನಿಂದ, ಒಳಗೋಡೆಗಳಿಂದ ಜಾರಿ ಬರುವ ಕಡೆಯ ಪಾಲು ಹನಿ ಹನಿಯಾಗಿ ಬರುತ್ತದೆ, ಅದಕ್ಕೆ ಹದಿನೈದು–ಇಪ್ಪತ್ತು ನಿಮಿಷ ಬೇಕು. ಆಯಿಲ್ ನಿಲ್ಲುವ ಚೇಂಬರಿನ ತಳದ ಕಸ, ಲೋಹದ ಸಣ್ಣ ಪುಡಿ ಇರುವುದೂ ಈ ಕಡೆಯ ಪಾಲಿನಲ್ಲೇ. ಹಿಂದೆ ಮೂರು ಗಾಡಿ ಸಾಲು ನಿಂತಿರುವಾಗ ಅಂಗಡಿಯ ಹುಡುಗ ಧಾರೆ ನಿಂತ ಕೂಡಲೇ ಬೋಲ್ಟು ಹಾಕುತ್ತಾನೆ. ಅವನನ್ನು ದೂರಿ ಫಲವಿಲ್ಲ, "ಇನ್ನೊಂದು ಹತ್ತು ನಿಮಿಷ ಇಳೀಲಿ ಬಿಡಪ್ಪ" ಅಂತ ನಾವೇ ಹೇಳಬೇಕು. ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಹೀರುವ ಮೆಷಿನ್ ಇಟ್ಟಿರುವ ಅಂಗಡಿಗಳದ್ದು ಬೇರೆಯೇ ಲೆಕ್ಕ. ಗೇಜ್ ಕಡ್ಡಿಯ ತೂತಿನಲ್ಲಿ ಸಣ್ಣ ಪೈಪು ಇಳಿಸಿ ಆಯಿಲ್ ಎಳೆಯುತ್ತಾರೆ. ಕೈ ಕೊಳಕಾಗುವುದಿಲ್ಲ, ಗಾಡಿ ಎತ್ತಬೇಕಿಲ್ಲ. ಆದರೆ ಪೈಪಿನ ತುದಿ ಚೇಂಬರಿನ ಅತಿ ತಗ್ಗಿನ ಜಾಗಕ್ಕೇ ಮುಟ್ಟುತ್ತದೆ ಎಂಬ ಖಾತ್ರಿ ಎಲ್ಲ ಇಂಜಿನ್‌ಗಳಲ್ಲೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಫಿಲ್ಟರಿನದು. ಅನೇಕ ಕಾರುಗಳಲ್ಲಿ ಫಿಲ್ಟರ್ ಬಿಚ್ಚಲು ಕೆಳಗಿನಿಂದಲೇ ಕೈ ಹಾಕಬೇಕು. ಗಾಡಿ ಎತ್ತದೆ ಕೆಲಸ ಮುಗಿಸುವ ಕಡೆ ಅದು ಹಾಗೇ ಉಳಿದುಬಿಡುತ್ತದೆ. ಸಣ್ಣ ಕಾರಿನ ಫಿಲ್ಟರ್ ಒಳಗೇ ಕಾಲು ಲೀಟರ್ ಆಸುಪಾಸು ಹಳೆ ಆಯಿಲ್ ನಿಂತಿರುತ್ತದೆ, ಹೊಸ ಆಯಿಲ್ ಮೊದಲ ಸುತ್ತಿನಲ್ಲೇ ಅದರೊಂದಿಗೆ ಬೆರೆಯುತ್ತದೆ. ನೂರು–ನೂರೈವತ್ತು ರೂಪಾಯಿಯ ಫಿಲ್ಟರಿಗೆ ಜಿಪುಣತನ ಮಾಡಿ ಎರಡು ಸಾವಿರದ ಆಯಿಲ್ ಕೆಡಿಸುವುದು ದಡ್ಡತನ.

ಇನ್ನು ಯಾವ ಆಯಿಲ್ ಎಂಬುದು. ನಮ್ಮ ಕಡೆ ಕೌಂಟರಿನಲ್ಲಿ ಹೆಚ್ಚು ಕೇಳಿಬರುವ ಮಾತು, "ಈ ಬಿಸ್ಲಿಗೆ ತೆಳು ಆಯಿಲ್ ತಡೆಯಲ್ಲ ಸರ್, 20ಡಬ್ಲ್ಯೂ-50 ಹಾಕ್ಸಿ." ಇದು ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡ್, ಸಂಖ್ಯೆ ಹೆಚ್ಚಿದಷ್ಟೂ ಆಯಿಲ್ ದಪ್ಪ. ಕೇಳಲು ಸರಿ ಎನಿಸುತ್ತದೆ, ಏಪ್ರಿಲ್‌ನಲ್ಲಿ ಹೊರಗೆ ಕಾಲಿಡಲಾಗದಷ್ಟು ಕಾವು. ಆದರೆ ನೀರು ತಂಪಾಗಿಸುವ ಕಾರಿನ ಇಂಜಿನ್ನಿನಲ್ಲಿ ಕಾವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಥರ್ಮೋಸ್ಟಾಟ್ ಇರುತ್ತದೆ. ಹೊರಗೆ 25 ಡಿಗ್ರಿ ಇರಲಿ, 40 ಇರಲಿ, ಕೂಲೆಂಟ್ 90ರ ಆಜುಬಾಜಿನಲ್ಲೇ ಓಡುತ್ತದೆ. ಡಬ್ಬಿಯ ಮೇಲಿನ ಎರಡನೇ ಸಂಖ್ಯೆ ಹೇಳುವುದು 100 ಡಿಗ್ರಿ ಕಾವಿನಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಎಂಬುದನ್ನು. ಅಂದರೆ ಕಾದ ಇಂಜಿನ್ನಿನ ಲೆಕ್ಕ ಅದರಲ್ಲಿ ಆಗಲೇ ಸೇರಿದೆ. 0ಡಬ್ಲ್ಯೂ-20 ಹಾಕಿ ಎಂದು ಮ್ಯಾನ್ಯುವಲ್ ಹೇಳುವ ಇಂಜಿನ್ನಿನಲ್ಲಿ ಬೇರಿಂಗ್ ಸಂದು, ಆಯಿಲ್ ದಾರಿ, ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಎಲ್ಲವೂ ತೆಳು ಆಯಿಲಿಗೇ ಅಳೆದು ಮಾಡಿದವು. ಅಲ್ಲಿ 20ಡಬ್ಲ್ಯೂ-50 ಸುರಿದರೆ ಬೆಳಗಿನ ಸ್ಟಾರ್ಟಿನಲ್ಲಿ ಆಯಿಲ್ ಮೇಲೆ ಹತ್ತುವುದು ತಡ, ಮೈಲೇಜೂ ಇಳಿಯುತ್ತದೆ. ಗಾಳಿಯಿಂದಲೇ ತಂಪಾಗುವ ಬೈಕಿನಲ್ಲಿ ಹೊರಗಿನ ಕಾವು ನಾಟುವುದು ನಿಜ, ಅದನ್ನೂ ಲೆಕ್ಕ ಹಾಕಿಯೇ ಕಂಪನಿ ಗ್ರೇಡ್ ಬರೆದಿರುತ್ತದೆ.

ಬೈಕಿಗೆ ಗ್ರೇಡಿನಷ್ಟೇ ಮುಖ್ಯವಾದದ್ದು ಡಬ್ಬಿಯ ಮೇಲಿನ ಜಾಸೋ ಗುರುತು, ಇದು ಜಪಾನಿನ ಗುಣಮಟ್ಟದ ಗುರುತು. ಗೇರ್ ಇರುವ ಬೈಕಿನ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ಅವಕ್ಕೆ ಎಂಎ ಅಥವಾ ಎಂಎ2 ಬೇಕು. ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಒಣ ಕ್ಲಚ್, ಅದಕ್ಕೆ ಎಂಬಿ. ಸ್ಕೂಟರ್ ಆಯಿಲನ್ನೋ ಕಾರಿನ ಆಯಿಲನ್ನೋ ಬೈಕಿಗೆ ಹಾಕಿದರೆ ಅದರಲ್ಲಿರುವ ಜಾರುವ ರಾಸಾಯನಿಕದಿಂದ ಕ್ಲಚ್ ಸ್ಲಿಪ್ ಆಗತೊಡಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ತಿರುವಿದಷ್ಟೂ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಎರಡೂ 10ಡಬ್ಲ್ಯೂ-30 ಎಂದು ಒಂದರ ಬದಲು ಇನ್ನೊಂದು ಕೊಡುವ ತಪ್ಪು ಕೌಂಟರಿನಲ್ಲಿ ಸುಲಭವಾಗಿ ಆಗಿಬಿಡುತ್ತದೆ. ಡಬ್ಬಿ ತಿರುಗಿಸಿ ಹಿಂಬದಿ ಓದಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ಬಿಎಸ್6 ಡೀಸೆಲ್ ಕಾರಾದರೆ ಕಡಿಮೆ ಬೂದಿ ಬಿಡುವ ಆಯಿಲೇ ಆಗಬೇಕು, ಸಿ2 ಅಥವಾ ಸಿ3 ಎಂದು ಮ್ಯಾನ್ಯುವಲ್ಲಿನಲ್ಲಿ ಇರುತ್ತದೆ. ಲಾರಿಗೆ ಹಾಕುವ ಡ್ರಮ್ ಆಯಿಲ್ ಅಲ್ಲಿಗೆ ಸಲ್ಲದು. ಡ್ರಮ್ಮಿನಿಂದ ಪಂಪ್ ಹೊಡೆದು ಕೊಡುವ ಲೂಸ್ ಆಯಿಲಂತೂ ಯಾವ ಗಾಡಿಗೂ ಬೇಡ, ಅದರಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಸಿ, ಮುಚ್ಚಳದೊಳಗಿನ ಸೀಲ್ ನೋಡಿ, ಖಾಲಿ ಡಬ್ಬಿ ಕೇಳಿ ಪಡೆದು ತೂತು ಹೊಡೆಯಿರಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗುವುದು ಇಂಥ ಖಾಲಿ ಡಬ್ಬಿಗಳೇ.

ಇಂಜಿನ್ ಒಳಗೆ ತೊಳೆಯುವ ಫ್ಲಷ್ ಮಾಡಿಸಿ, ಆಯಿಲಿಗೆ ಬೆರೆಸುವ ಅಡಿಟಿವ್ ಹಾಕಿಸಿ ಎಂದರೆ ಬೇಡ ಎನ್ನಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾದ ಇಂಜಿನ್ನಿಗೆ ಅದರ ಅಗತ್ಯವಿಲ್ಲ. ಆಯಿಲ್ ಕಪ್ಪಾಗಿದೆ ಎಂದು ಕಡ್ಡಿ ತೋರಿಸುವುದಕ್ಕೂ ಬೆಲೆ ಕೊಡಬೇಡಿ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸ, ಡೀಸೆಲ್ಲಿನಲ್ಲಿ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಹಾಕಿದ ಚಹಾದ ಬಣ್ಣಕ್ಕೆ. ಅದು ನೀರು ಸೇರಿರುವ ಗುರುತು, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಸ್ಪ್ಲೆಂಡರ್ ಜಾತಿಯ 100 ಸಿಸಿ ಬೈಕಿಗೆ ಅಂಗಡಿ ಬೇಕೇ ಇಲ್ಲ. ಒಂದು 17 ನಂಬರ್ ಪಾನಾ, ಒಂದು ಬೋಗುಣಿ, ಆಲಿಕೆ, ಹೊಸ ವಾಷರ್ ಇದ್ದರೆ ಸಾಕು. ಇಂಜಿನ್ನನ್ನು ಮೂರು–ನಾಲ್ಕು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಮೇನ್ ಸ್ಟ್ಯಾಂಡ್ ಹಾಕಿ, ಮೇಲಿನ ಮುಚ್ಚಳ (ಗೇಜ್ ಕಡ್ಡಿ ಇರುವುದು ಇದರಲ್ಲೇ) ಸಡಿಲಿಸಿ, ಕೆಳಗಿನ ಬೋಲ್ಟು ತೆಗೆಯಿರಿ. ಇಳಿಯುವಷ್ಟು ಹೊತ್ತು ಚೈನ್ ಒರೆಸಿ, ಏರ್ ಫಿಲ್ಟರ್ ನೋಡಿ. ಆಮೇಲೆ ಹೊಸ ವಾಷರ್ ಹಾಕಿ ಬೋಲ್ಟು ಬಿಗಿಯಿರಿ. 900 ಎಂಎಲ್ ಬಾಟಲಿಯನ್ನು ಕಣ್ಣು ಮುಚ್ಚಿ ಪೂರ್ತಿ ಸುರಿಯಬೇಡಿ, ಒಳಗೆ ಒಂದಿಷ್ಟು ಹಳೆಯದು ಅಂಟಿ ಉಳಿದೇ ಇರುತ್ತದೆ. ಮುಕ್ಕಾಲು ಭಾಗ ಹಾಕಿ, ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ನೋಡಿ. ನೋಡುವಾಗ ಕಡ್ಡಿಯನ್ನು ತಿರುಗಿಸಿ ಬಿಗಿಯಬಾರದು, ತೂತಿನ ಮೇಲೆ ಸುಮ್ಮನೆ ಕೂರಿಸಬೇಕು. ಬಿಗಿದು ನೋಡಿದರೆ ಕಡ್ಡಿ ಆಳಕ್ಕೆ ಇಳಿದು, ಇಲ್ಲದ ಆಯಿಲ್ ಇದ್ದಂತೆ ತೋರುತ್ತದೆ.

ಈ ಬೈಕುಗಳಲ್ಲಿ ಕಾಗದದ ಫಿಲ್ಟರ್ ಇಲ್ಲ. ಬಲಗಡೆ ಕ್ಲಚ್ ಕವರಿನೊಳಗೆ ಗಿರ್ರನೆ ತಿರುಗುವ ಒಂದು ಬಟ್ಟಲು, ಜೊತೆಗೊಂದು ಜಾಲರಿ. ತಿರುಗುವ ರಭಸಕ್ಕೆ ಕೊಳೆ ಅಂಚಿಗೆ ಹೋಗಿ ಗ್ರೀಸಿನಂತೆ ಮೆತ್ತಿಕೊಳ್ಳುತ್ತದೆ. ಎಷ್ಟು ಸಲ ಆಯಿಲ್ ಬದಲಿಸಿದರೂ ಆ ಮೆತ್ತೆ ಅಲ್ಲೇ ಇರುತ್ತದೆ. ಅದನ್ನು ತೆಗೆಯಲು ಕವರ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಬೇಕು, ಹತ್ತು ನಿಮಿಷದ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಮ್ಯಾನ್ಯುವಲ್ಲಿನ ಗಡುವಿಗೆ ಸರಿಯಾಗಿ ಒಳ್ಳೆ ಮೇಸ್ತ್ರಿಯ ಹತ್ತಿರ ಮಾಡಿಸಿ. ಸುಗ್ಗಿಯಲ್ಲಿ ಹಳ್ಳಿ ದಾರಿಯುದ್ದಕ್ಕೂ ಮೆಕ್ಕೆಜೋಳ ಒಣ ಹಾಕಿ ಮೆಷಿನ್ನಿಗೆ ಕೊಡುವ ದಿನಗಳಲ್ಲಿ ಓಡಾಡುವ ಬೈಕಿಗೆ, ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅದಿರು ಲಾರಿಗಳ ಹಿಂದೆ ದಿನಾ ಓಡುವ ಬೈಕಿಗೆ ಇದನ್ನು ಮುಂದೂಡಲೇಬಾರದು. ಏರ್ ಫಿಲ್ಟರ್ ಹರಿದಿದ್ದರೆ, ಸರಿಯಾಗಿ ಕೂರದಿದ್ದರೆ ಆ ಧೂಳು ಪಿಸ್ಟನ್ ದಾಟಿ ಆಯಿಲಿಗೆ ಬರುತ್ತದೆ, ಆಮೇಲೆ ಆಯಿಲೇ ಸಾಣೆಯ ಕೆಲಸ ಮಾಡುತ್ತದೆ.

ಕಾರಿನ ವಿಷಯಕ್ಕೆ ಬಂದರೆ ತೂಕ ಅಂಗಡಿಯ ಕಡೆ ವಾಲುತ್ತದೆ. ಮನೆಯಲ್ಲಿ ಮಾಡಲಾಗದು ಎಂದಲ್ಲ, ಕೆಳಗೆ ನುಸುಳುವುದೇ ದೊಡ್ಡ ಕೆಲಸ. ಜಾಕಿ ಒಂದನ್ನೇ ನಂಬಿ ಕಾರಿನಡಿ ಹೋಗಬಾರದು. ಗಟ್ಟಿ ರ‍್ಯಾಂಪು ಇಲ್ಲವೇ ಸ್ಟ್ಯಾಂಡು ಬೇಕು, ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗೆ ಕಲ್ಲು ಕೊಟ್ಟಿರಬೇಕು. ಬೋಲ್ಟಿನ ಕಡೆಯ ಸುತ್ತು ಬಿಚ್ಚುವಾಗ ಅದನ್ನು ಮೇಲಕ್ಕೆ ಒತ್ತಿ ಹಿಡಿದು ಒಮ್ಮೆಲೇ ಪಕ್ಕಕ್ಕೆ ಎಳೆದರೆ ಆಯಿಲ್ ಮೊಣಕೈವರೆಗೆ ಇಳಿಯುವುದಿಲ್ಲ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗೂ ಜೊತೆಗೆ ಬಂತೇ ನೋಡಿ. ಬ್ಲಾಕಿಗೆ ಅಂಟಿ ಉಳಿದ ಹಳೆ ರಿಂಗಿನ ಮೇಲೆ ಹೊಸದು ಕೂತರೆ, ಇಂಜಿನ್ ಓಡಿದ ಸ್ವಲ್ಪ ಹೊತ್ತಿಗೆ ಪ್ರೆಷರ್ ತಡೆಯದೆ ಆಯಿಲ್ ಹೊರಗೆ ಚಿಮ್ಮುತ್ತದೆ. ಅವಸರದ ಅಂಗಡಿಗಳಲ್ಲಿ ಇಂಜಿನ್ನೇ ಹೋಗುವಂಥ ತಪ್ಪು ಇದು. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಎರಡನೇ ದೊಡ್ಡ ತಪ್ಪು ಗಾಳಿ ಗನ್ನಿನಿಂದ ಡ್ರೈನ್ ಬೋಲ್ಟು ಬಿಗಿಯುವುದು. ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ ಥ್ರೆಡ್ ಕಿತ್ತುಬರುತ್ತದೆ. ಅದು ಗೊತ್ತಾಗುವುದೂ ಮುಂದಿನ ಸಲ ಬೇರೆಯವರು ಬಿಚ್ಚಿದಾಗಲೇ. ಆಮೇಲೆ ಹೊಸ ಥ್ರೆಡ್ ಕೂರಿಸಬೇಕು, ಇಲ್ಲವೇ ಚೇಂಬರನ್ನೇ ಬದಲಿಸಬೇಕು. ಮೊದಲು ಕೈಯಲ್ಲಿ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು, ಕೊನೆಗೆ ಪಾನಾದಿಂದ ಬಿಗಿಯಬೇಕು. ವಾಷರ್ ಪ್ರತಿ ಸಲವೂ ಹೊಸದೇ ಆಗಬೇಕು. ಅಂಗಡಿಯಲ್ಲಿ ಗನ್ನು ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ.

ಮೂರನೆಯದು ಅಳತೆ. ಸಣ್ಣ ಪೆಟ್ರೋಲ್ ಕಾರಿಗೆ ಮೂರು ಲೀಟರ್ ಆಸುಪಾಸು ಸಾಕಾಗುವಲ್ಲಿ, 3.5 ಲೀಟರ್ ಡಬ್ಬಿ ಇದೆ ಎಂದು ಪೂರ್ತಿ ಬಗ್ಗಿಸುತ್ತಾರೆ. ಹೆಚ್ಚಾದ ಆಯಿಲನ್ನು ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕು ಮಜ್ಜಿಗೆ ಕಡೆದಂತೆ ಕಡೆಯುತ್ತದೆ, ನೊರೆ ಏಳುತ್ತದೆ. ನೊರೆಗೆ ಪ್ರೆಷರ್ ನಿಲ್ಲುವುದಿಲ್ಲ, ಸೀಲುಗಳಲ್ಲಿ ಸೋರಿಕೆ ಶುರುವಾಗುತ್ತದೆ. ಮ್ಯಾನ್ಯುವಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿಸಿ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಅಲ್ಲಿಯವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ನಿಲ್ಲಿಸಿ ಐದು ನಿಮಿಷ ಬಿಟ್ಟು, ಸಮತಟ್ಟು ನೆಲದಲ್ಲಿ ಕಡ್ಡಿ ನೋಡಿ, ಸ್ವಲ್ಪಸ್ವಲ್ಪವಾಗಿ ಸೇರಿಸಿ. ರ‍್ಯಾಂಪಿನ ಮೇಲೆ ಮೂತಿ ಎತ್ತಿ ನಿಂತ ಕಾರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ.

ಇಷ್ಟನ್ನೂ ಎದುರಿಗೇ ನಿಂತು ನೋಡಲು ಬಿಡುವ ಅಂಗಡಿ ಒಳ್ಳೆಯ ಅಂಗಡಿ. ಆಯಿಲ್, ಫಿಲ್ಟರ್, ವಾಷರ್ ಮೂರನ್ನೂ ನೀವೇ ಒಯ್ದು, ಕೂಲಿ ಕೊಟ್ಟು ಮಾಡಿಸುವುದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ ಏರ್ಪಾಡು. ವಾರಂಟಿ ಇರುವ ಗಾಡಿ ಕಂಪನಿಯ ಸರ್ವಿಸಿಗೇ ಹೋಗಲಿ. ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಹೆಚ್ಚಿನ ಕಾರುಗಳು ಊರೊಳಗೆ ಎರಡು–ಮೂರು ಕಿಲೋಮೀಟರ್ ಓಡಿ ನಿಲ್ಲುವಂಥವು. ಇಂಜಿನ್ ಪೂರ್ತಿ ಕಾಯದೆ ಆಯಿಲಿನಲ್ಲಿ ತೇವ, ಪೆಟ್ರೋಲ್ ಉಳಿದುಬಿಡುತ್ತದೆ. ಹಾಗಾಗಿ 10,000 ಕಿ.ಮೀ. ಆಗಿಲ್ಲ ಎಂದು ಎರಡು ವರ್ಷ ತಳ್ಳಬೇಡಿ, ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಒಂದು ವಿಷಯದಲ್ಲಿ ಅಂಗಡಿಗೆ ಪೂರ್ತಿ ಅಂಕ: ಹಳೆ ಆಯಿಲಿನ ವಿಲೇವಾರಿ. ಅವರ ಬ್ಯಾರೆಲ್ ತುಂಬಿದಾಗ ಒಯ್ಯುವವರು ಇರುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರಿಗೂ ಇದರ ಹೊಣೆ ಬಿದ್ದಿದೆ. ಮನೆಯಲ್ಲಿ ಬದಲಿಸಿದವರು ಚರಂಡಿಗೋ ಗಿಡದ ಬುಡಕ್ಕೋ ಚೆಲ್ಲಬೇಡಿ, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯಬೇಡಿ, ಅದರಲ್ಲಿ ಚರ್ಮಕ್ಕೂ ಮಣ್ಣಿಗೂ ಕೆಡುಕು ಮಾಡುವ ಲೋಹ ಮತ್ತು ಮಸಿ ಇರುತ್ತದೆ. ಹಳೆ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಇಂಥದೇ ಒಂದು ಅಂಗಡಿಯ ಬ್ಯಾರೆಲ್ಲಿಗೆ ಕೊಟ್ಟು ಬನ್ನಿ. ಫಿಲ್ಟರನ್ನು ತಲೆಕೆಳಗಾಗಿ ಒಂದು ರಾತ್ರಿ ಬೋಗುಣಿಯಲ್ಲಿ ಇಟ್ಟರೆ ಅದರೊಳಗಿನದೂ ಇಳಿಯುತ್ತದೆ. ಅದೇ ರಾತ್ರಿ ಇಂಜಿನ್ ಕೆಳಗೆ ಹಳೆ ಪೇಪರ್ ಹಾಸಿಡಿ, ಬೆಳಿಗ್ಗೆ ಅದರ ಮೇಲೆ ಒಂದೇ ಒಂದು ಹನಿ ಕಂಡರೂ ಗಾಡಿ ತೆಗೆಯುವ ಮೊದಲು ಬೋಲ್ಟು, ಫಿಲ್ಟರ್ ಎರಡನ್ನೂ ಮುಟ್ಟಿ ನೋಡಿ.