ನಾಲ್ಕು ಚಿಮಣಿಯ ಸೆಕೆಂಡ್‌ಹ್ಯಾಂಡ್ ಡಿಸ್ಟ್ರಾಯರ್: ಕೊಂಡವರಿಗೆ ದಕ್ಕಿದ್ದೇನು?

ಪರಿಶೀಲನೆಗೆ ತೆಗೆದುಕೊಂಡ ಡಿಸ್ಟ್ರಾಯರ್ (ವೇಗದ ಸಣ್ಣ ಯುದ್ಧನೌಕೆ): ಎಚ್‌ಎಂಎಸ್ ಕ್ಯಾಂಬೆಲ್‌ಟೌನ್. ಮೊದಲ ಹೆಸರು ಯುಎಸ್‌ಎಸ್ ಬ್ಯೂಕ್ಯಾನನ್. ವಿಕ್ಸ್ ವರ್ಗ. ಕಟ್ಟಿದ್ದು ಅಮೆರಿಕದ ಮೇನ್ ರಾಜ್ಯದ ಬಾತ್ ಐರನ್ ವರ್ಕ್ಸ್. ನೀರಿಗಿಳಿದದ್ದು 1919ರ ಜನವರಿ 2. ಎರಡನೇ ಮಹಾಯುದ್ಧದ ನಡುವೆ ಅಮೆರಿಕದಿಂದ ಬ್ರಿಟನ್ನಿಗೆ ಕೈ ಬದಲಾದದ್ದು 1940ರ ಸೆಪ್ಟೆಂಬರ್ 9, ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ.

ಮೊದಲು ಬೆಲೆಯ ಮಾತು. ಇಂಥ 50 ಹಳೆಯ ಡಿಸ್ಟ್ರಾಯರ್‌ಗಳಿಗೆ ಬ್ರಿಟನ್ ಒಂದು ಪೌಂಡ್ ನಗದನ್ನೂ ಎಣಿಸಲಿಲ್ಲ. ಬದಲಿಗೆ ಬಹಾಮಾಸ್, ಜಮೈಕಾ, ಆಂಟಿಗುವಾ, ಸೇಂಟ್ ಲೂಸಿಯಾ, ಟ್ರಿನಿಡಾಡ್, ಬ್ರಿಟಿಷ್ ಗಯಾನಾಗಳಲ್ಲಿ ನೆಲೆ ಕಟ್ಟಿಕೊಳ್ಳಲು ಅಮೆರಿಕಕ್ಕೆ 99 ವರ್ಷದ ಗುತ್ತಿಗೆ ಬರೆದುಕೊಟ್ಟಿತು. ನ್ಯೂಫೌಂಡ್‌ಲ್ಯಾಂಡ್ ಮತ್ತು ಬರ್ಮುಡಾದ ಹಕ್ಕನ್ನು ಕಾಣಿಕೆ ಎಂಬ ಲೆಕ್ಕದಲ್ಲಿ ಬೇರೆಯಾಗಿ ಕೊಟ್ಟಿತು. ಒಪ್ಪಂದದ ಪತ್ರಗಳು ಬದಲಾದದ್ದು ಸೆಪ್ಟೆಂಬರ್ 2ರಂದು. ಚೌಕಾಸಿ ಮಾಡುವ ಸ್ಥಿತಿಯಲ್ಲಿ ಕೊಳ್ಳುವವರು ಇರಲಿಲ್ಲ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನಿಕರನ್ನು ತೆರವು ಮಾಡಿದ ಕಾರ್ಯಾಚರಣೆ ಒಂದರಲ್ಲೇ 6 ಬ್ರಿಟಿಷ್ ಡಿಸ್ಟ್ರಾಯರ್‌ಗಳು ಮುಳುಗಿ, ಇನ್ನೂ 19 ಪೆಟ್ಟು ತಿಂದಿದ್ದವು. ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳಿಗೆ ಕಾವಲು ಬೇಕಿತ್ತು, ಅದೂ ಕೂಡಲೇ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನುತ್ತೇವೆ. ಇದು ಧರ್ಮಕ್ಕೆ ಬಂದ ದಟ್ಟಿಯಲ್ಲವಾದ್ದರಿಂದ ಮೊಳ ಹಾಕಿಯೇ ನೋಡೋಣ.

ಉದ್ದ 95.8 ಮೀಟರ್, ಅಗಲ 9.4 ಮೀಟರ್. ಅಗಲಕ್ಕಿಂತ ಉದ್ದ ಹತ್ತು ಪಟ್ಟು. ತೂಕ ಸುಮಾರು 1,100 ಟನ್. ನಾಲ್ಕು ಬಾಯ್ಲರ್, ನಾಲ್ಕು ಚಿಮಣಿ, ಎರಡು ಪ್ರೊಪೆಲ್ಲರ್, ವೇಗ 35 ನಾಟ್ (ಗಂಟೆಗೆ ಸುಮಾರು 65 ಕಿ.ಮೀ.). 1919ರ ಮಟ್ಟಿಗೆ ಇದು ಓಟದ ಕುದುರೆ. ಆಯುಧಗಳ ಪಟ್ಟಿಯೂ ಓದಲು ಚೆಂದ: 4 ಇಂಚಿನ ತೋಪು ನಾಲ್ಕು, 21 ಇಂಚಿನ ಟಾರ್ಪಿಡೊ ಕೊಳವೆ ಹನ್ನೆರಡು. ಪಟ್ಟಿ ಬಿಟ್ಟು ಜೋಡಣೆ ನೋಡಿದರೆ ಕತೆ ಬೇರೆ. ತೋಪುಗಳಲ್ಲಿ ಒಂದು ಮೂತಿಯಲ್ಲಿ, ಒಂದು ಹಿಂದೆ, ಉಳಿದೆರಡು ನಡುವೆ ಎಡಕ್ಕೊಂದು ಬಲಕ್ಕೊಂದು. ಹಾಗಾಗಿ ಯಾವ ಪಕ್ಕಕ್ಕೆ ಗುಂಡು ಹಾರಿಸಿದರೂ ಮಾತನಾಡುವುದು ಮೂರೇ. ಟಾರ್ಪಿಡೊ ಕೊಳವೆಗಳದ್ದೂ ಅದೇ ಹಣೆಬರಹ: ಮೂರು ಮೂರರ ನಾಲ್ಕು ಗೊಂಚಲು, ಪಕ್ಕಕ್ಕೆ ಎರಡರಂತೆ. ಹನ್ನೆರಡು ಹೊತ್ತುಕೊಂಡು ತಿರುಗಿದರೂ ಒಂದು ಗುರಿಗೆ ಒಮ್ಮೆಗೆ ಬಿಡಬಹುದಾದದ್ದು ಆರು. ಬ್ರಿಟಿಷ್ ಡಿಸ್ಟ್ರಾಯರ್‌ಗಳಲ್ಲಿ ಕೊಳವೆಗಳು ಹಡಗಿನ ನಡುಗೆರೆಯ ಮೇಲೆ ಕೂರುವುದರಿಂದ ಯಾವ ಪಕ್ಕಕ್ಕೂ ಎಲ್ಲವೂ ಉಪಯೋಗಕ್ಕೆ ಬರುತ್ತಿದ್ದವು.

ಈ ಮಾದರಿಯ ನಿಜವಾದ ದೋಷ ಚುಕ್ಕಾಣಿಯಲ್ಲಿದೆ. ವೇಗಕ್ಕಾಗಿ ಹಿಂಬದಿಯನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಚೂಪಾಗಿ ಕೆತ್ತಿದ್ದಾರೆ, ಚುಕ್ಕಾಣಿ ಹಲಗೆಯೋ ಚಿಕ್ಕದು. ಉದ್ದನೆಯ ಒಡಲು ತಿರುಗಲು ಒಪ್ಪುವುದಿಲ್ಲ. ಡಿಸ್ಟ್ರಾಯರ್ ಗಾತ್ರದ ಈ ಹಡಗು ಬ್ಯಾಟಲ್‌ಶಿಪ್ ಹಾಗೆ ದೊಡ್ಡ ಸುತ್ತು ಹೊಡೆದು ತಿರುಗುತ್ತದೆ. ಬಯಲು ಸಮುದ್ರದಲ್ಲಿ ನೇರಕ್ಕೆ ಓಡಿ ಟಾರ್ಪಿಡೊ ಬಿಟ್ಟು ಬರಲು ಇದು ಅಡ್ಡಿಯಲ್ಲ. ಜಲಾಂತರ್ಗಾಮಿ ಬೇಟೆಗೆ ಮಾತ್ರ ಕುತ್ತು. ಆ ಬೇಟೆಯಲ್ಲಿ ಆಸ್ಡಿಕ್ ಎಂಬ ಶಬ್ದಶೋಧಕದಿಂದ ವೈರಿಯ ಜಾಗ ಹಿಡಿದು, ಅದರ ತಲೆಯ ಮೇಲೆಯೇ ಹಾದು ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯುವ ಮದ್ದಿನ ಪೀಪಾಯಿ, ಉದುರಿಸಬೇಕು. ತೀರಾ ಹತ್ತಿರ ಬಂದಾಗ ಆಸ್ಡಿಕ್‌ಗೆ ಗುರಿ ಸಿಗುವುದಿಲ್ಲ. ಆದ್ದರಿಂದ ಮೊದಲ ಏಟು ತಪ್ಪಿದರೆ ತಟಕ್ಕನೆ ತಿರುಗಿ ಮತ್ತೆ ಹುಡುಕಬೇಕು. ಈ ಹಡಗು ತನ್ನ ಸುತ್ತು ಮುಗಿಸಿ ಬರುವ ಹೊತ್ತಿಗೆ ಕೆಳಗಿರುವವನು ದಿಕ್ಕು ಬದಲಿಸಿರುತ್ತಾನೆ.

ಬಂದರಿನೊಳಗೆ ಇನ್ನೊಂದು ತೊಡಕು. ಹಿಂಭಾಗ ಅಷ್ಟು ಕಿರಿದಾದ್ದರಿಂದ ಪ್ರೊಪೆಲ್ಲರ್ ರೆಕ್ಕೆಗಳು ಒಡಲಿನ ಅಂಚು ದಾಟಿ ಹೊರಗೆ ಚಾಚಿಕೊಂಡಿರುತ್ತವೆ. ಧಕ್ಕೆಗೆ ತಾಗದಿರಲೆಂದು ಇಕ್ಕೆಲಗಳಲ್ಲಿ ಕಬ್ಬಿಣದ ಕಾವಲು ಕಟ್ಟಿರುತ್ತಾರೆ. ಹೊಸ ಚಾಲಕರು ಅದನ್ನು ಮರೆಯುವ ಹಾಗಿಲ್ಲ. ಕ್ಯಾಂಬೆಲ್‌ಟೌನ್ ಕೂಡ ಬ್ರಿಟನ್ನಿಗೆ ಬಂದ ಕೆಲವೇ ತಿಂಗಳಲ್ಲಿ ಡಿಕ್ಕಿ ಹೊಡೆದುಕೊಂಡು ರಿಪೇರಿಗೆ ಹೋಯಿತು.

ಸಮುದ್ರದ ಮೇಲಿನ ನಡತೆ ಹೇಳುವಂಥದ್ದೇನಲ್ಲ. ಮೂತಿಯಿಂದ ಹಿಂದಿನವರೆಗೆ ಡೆಕ್ ಒಂದೇ ಪಟ್ಟಿಯಾಗಿ ಸಾಗುತ್ತದೆ, ಎಲ್ಲೂ ಮೆಟ್ಟಿಲಿಲ್ಲ. ಒಡಲಿಗೆ ಇದರಿಂದ ಬಲ ಹೆಚ್ಚು. ಆದರೆ ಚಳಿಗಾಲದ ಉತ್ತರ ಅಟ್ಲಾಂಟಿಕ್‌ನಲ್ಲಿ ಈ ಡೆಕ್ಕಿನ ಮೇಲೆ ನೀರು ನಿರಂತರ. ಮೇಲ್ಭಾಗದ ಭಾರ ಹೆಚ್ಚಾಗಿ ಹಡಗು ಹುಚ್ಚೆದ್ದು ಉರುಳುತ್ತದೆ. ಬ್ರಿಟಿಷ್ ನಾವಿಕರಿಗೆ ತೂಗುಹಾಸಿಗೆಯ ರೂಢಿ. ಇಲ್ಲಿ ಕಬ್ಬಿಣದ ಬಂಕ್. ತೂಗುಹಾಸಿಗೆಯಾದರೆ ಹಡಗು ವಾಲಿದರೂ ತಾನು ನೆಟ್ಟಗೆ ತೂಗುತ್ತದೆ. ಬಂಕ್ ಹಡಗಿನ ಜೊತೆಗೇ ವಾಲಿ, ಮಲಗಿದವನನ್ನು ನೆಲಕ್ಕೆ ಸುರಿಯುತ್ತದೆ.

ಕೈಗೆ ಬಂದಾಗಿನ ಸ್ಥಿತಿ? ಓಡಿದ ದೂರಕ್ಕಿಂತ ನಿಂತ ಕಾಲವೇ ಇಂಥ ಗಾಡಿಗಳನ್ನು ಕೆಡಿಸುವುದು. ಬ್ಯೂಕ್ಯಾನನ್ 1922ರಿಂದ 1930ರವರೆಗೆ ಸೇವೆಯಲ್ಲಿರಲಿಲ್ಲ. 1937ರಲ್ಲಿ ಮತ್ತೆ ಮೂಲೆ ಸೇರಿ 1939ರ ಸೆಪ್ಟೆಂಬರಿನಲ್ಲಿ ಎದ್ದಿತು. ಜೊತೆಯ ಹಡಗುಗಳದ್ದೂ ಹೆಚ್ಚುಕಡಿಮೆ ಇದೇ ಜಾತಕ. ನಿಂತ ಹಡಗಿನಲ್ಲಿ ರಿವೆಟ್ ಸಾಲುಗಳು ಸಡಿಲವಾಗಿ ನೀರು ಜಿನುಗುತ್ತದೆ. ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್‌ನ ಸಣ್ಣ ಕೊಳವೆಗಳು ಸೋರಿದರೆ ಉಪ್ಪುನೀರು ಬಾಯ್ಲರಿನ ಸಿಹಿನೀರಿಗೆ ಸೇರಿ, ಬಾಯ್ಲರನ್ನೇ ಆರಿಸಬೇಕಾದ ಪ್ರಸಂಗ ಬರುತ್ತದೆ. ಅದೂ ಕಾವಲು ಹಡಗು ಬೇಕಾದ ನಡುಗಡಲಲ್ಲಿ. 1940ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಬರೆದ ಪತ್ರದಲ್ಲೇ ಈ ದೂರು ಇದೆ: ಬಹುಕಾಲ ನಿಂತಿದ್ದ ಈ ಹಡಗುಗಳು ಅಟ್ಲಾಂಟಿಕ್ ಹವೆಗೆ ಸಿಕ್ಕಿ ದೋಷ ತೋರುತ್ತಿವೆ, ಕೆಲವನ್ನಷ್ಟೇ ಕಣಕ್ಕಿಳಿಸಲು ಆಗಿದೆ ಎಂದು. ಸಾಲ ಕೇಳುತ್ತಲೇ ಇರುವವನೊಬ್ಬ ಕೊಟ್ಟವನಿಗೆ ಹೀಗೆ ಬರೆಯಬೇಕಾದರೆ ತೊಂದರೆ ಸಣ್ಣದಿರಲಿಕ್ಕಿಲ್ಲ.

ಅವಸರದ ಕೆಲಸ ಎಂಬ ಅನುಮಾನವೂ ಇತ್ತು. ಇದೇ ವರ್ಗದ ಯುಎಸ್‌ಎಸ್ ವಾರ್ಡ್‌ನ ಕೀಲ್ (ತಳದ ಬೆನ್ನೆಲುಬು) ಇಟ್ಟದ್ದು 1918ರ ಮೇ 15, ಒಡಲು ನೀರಿಗಿಳಿದದ್ದು ಜೂನ್ 1. ಹದಿನೇಳೂವರೆ ದಿನ! ಆದರೆ ಆ ವಾರ್ಡ್ 1941ರ ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರ್ ಬಾಗಿಲಲ್ಲಿ ಜಪಾನಿನ ಪುಟ್ಟ ಜಲಾಂತರ್ಗಾಮಿಯೊಂದನ್ನು ಮುಳುಗಿಸಿತು, ವಿಮಾನಗಳು ಬರುವ ಮೊದಲೇ. ಬಾಳಿದ್ದು 1944ರವರೆಗೆ. ಆದ್ದರಿಂದ ಕಟ್ಟಿದ ವೇಗದ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ಕೆಟ್ಟದ್ದು ಕಟ್ಟುವಾಗಲ್ಲ, ಕಟ್ಟಿಹಾಕಿದಾಗ.

ಒಂದು ವಿಷಯದಲ್ಲಿ ಮಾರಿದವರನ್ನು ಮೆಚ್ಚಬೇಕು. ಉಗ್ರಾಣ ತುಂಬಿಸಿಯೇ ಕೀಲಿ ಕೊಟ್ಟರು. ಡಬ್ಬಿ ಆಹಾರ, ಟೈಪ್‌ರೈಟರ್, ದುರ್ಬೀನು, ಪಾತ್ರೆಪಗಡಿ ಎಲ್ಲ ಇದ್ದಲ್ಲೇ ಇದ್ದವು. ರೇಷನ್ ದೇಶದಿಂದ ಬಂದ ನಾವಿಕರಿಗೆ ಆ ಉಗ್ರಾಣ ಮಾವನ ಮನೆಯಂತೆ ಕಂಡಿರಬೇಕು.

ಕೊಂಡ ಮೇಲೆ ಮಾಡಿಸಲೇಬೇಕಾದ ಕೆಲಸಗಳು ಹಲವು, ಮತ್ತು ಎಲ್ಲದರ ಹಿಂದೆಯೂ ಒಂದೇ ಲೆಕ್ಕ: ಮೇಲಿನ ಭಾರ ಇಳಿಸಬೇಕು. ಟಾರ್ಪಿಡೊ ಗೊಂಚಲುಗಳಲ್ಲಿ ಕೆಲವನ್ನು ಕಿತ್ತರು. ತೋಪುಗಳನ್ನು ಕಡಿಮೆ ಮಾಡಿ, ಹಿಂದಿನದರ ಜಾಗಕ್ಕೆ ವಿಮಾನಕ್ಕೂ ಆಗುವ ಹಗುರ 12 ಪೌಂಡರ್ ತೋಪು ಹಾಕಿದರು. ಹಿಂದಿನ ಮೂರು ಚಿಮಣಿಗಳ ಎತ್ತರ ತಗ್ಗಿಸಿದರು. ಉಳಿಸಿದ ಭಾರದ ಜಾಗಕ್ಕೆ ಆಸ್ಡಿಕ್, ಹೆಚ್ಚು ಡೆಪ್ತ್ ಚಾರ್ಜ್ ಬಂದವು. ದೂರದ ಕಾವಲಿಗೆಂದು ಆರಿಸಿದ ಕೆಲವು ಹಡಗುಗಳಲ್ಲಿ ಒಂದು ಬಾಯ್ಲರನ್ನೇ ತೆಗೆದು ಆ ಜಾಗವನ್ನು ಎಣ್ಣೆಗೆ ಬಿಟ್ಟರು. ನಮ್ಮ ಲೆಕ್ಕದಲ್ಲಿ ಇದೇ ಜಾಣ ಬದಲಾವಣೆ. ಸರಕು ಹಡಗುಗಳ ಜೊತೆ ಆಮೆಯಂತೆ ತೆವಳುವವನಿಗೆ 35 ನಾಟ್ ಯಾಕೆ?

ಇಷ್ಟು ರಿಪೇರಿಯಾದ ಮೇಲೆ ಕೆಲಸ ಮಾಡಿದವೇ? ಮಾಡಿದವು, ದುಬಾರಿ ಬೆಲೆಗೆ. ಎಚ್‌ಎಂಎಸ್ ಬ್ರಾಡ್‌ವೇ 1941ರ ಮೇ 9ರಂದು ಜರ್ಮನಿಯ ಯು-110 ಜಲಾಂತರ್ಗಾಮಿಯನ್ನು ಹಿಡಿದ ತಂಡದಲ್ಲಿತ್ತು. ಜರ್ಮನರ ಗುಪ್ತ ಸಂದೇಶಗಳ ಎನಿಗ್ಮಾ ಯಂತ್ರ ಸಿಕ್ಕ ಪ್ರಸಂಗ ಅದೇ. ಕೆನಡಾದ ಸೇಂಟ್ ಕ್ರೊಯ್ 1942ರ ಜುಲೈನಲ್ಲಿ ಯು-90ನ್ನು ಮುಳುಗಿಸಿತು, ಮರುವರ್ಷದ ಸೆಪ್ಟೆಂಬರಿನಲ್ಲಿ ತಾನೇ ಟಾರ್ಪಿಡೊಗೆ ಸಿಕ್ಕಿತು. ಎಚ್‌ಎಂಎಸ್ ಬೆಲ್ಮಾಂಟ್ 1942ರ ಜನವರಿ 31ರಂದು ಎಲ್ಲ ಸಿಬ್ಬಂದಿಯೊಡನೆ ಮುಳುಗಿತು.

ಇನ್ನು ಕ್ಯಾಂಬೆಲ್‌ಟೌನ್. 1941ರಲ್ಲಿ ಕೆಲಕಾಲ ಡಚ್ ನಾವಿಕರ ಕೈಯಲ್ಲಿತ್ತು, ಮತ್ತೆ ಬ್ರಿಟಿಷರಿಗೆ ಬಂತು, ಕಾವಲು ತಿರುಗಿತು. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಆಮೇಲೆ ಯಾರೋ ಈ ಮಾದರಿಯ ಮೂರು ಗುಣಗಳನ್ನು ಒಟ್ಟಿಗೆ ನೋಡಿದರು: ತಳ ಆಳಕ್ಕಿಳಿಯದು, ನೇರಕ್ಕೆ ಚೆನ್ನಾಗಿ ಓಡುತ್ತದೆ, ಹೋದರೆ ದುಃಖಿಸುವವರಿಲ್ಲ.

ಗುರಿ ಆಗ ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಸೇಂಟ್ ನಜೇರ್. ಲುವಾರ್ ನದಿಯ ಬಾಯಲ್ಲಿರುವ ಆ ಬಂದರಿನ ನಾರ್ಮಂಡಿ ಡಾಕ್ (ನೀರು ಬಸಿದು ಹಡಗು ರಿಪೇರಿ ಮಾಡುವ ಕಟ್ಟೆ) 350 ಮೀಟರ್ ಉದ್ದ, 50 ಮೀಟರ್ ಅಗಲ. ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯನ್ನು ಒಳಗೆ ತೆಗೆದುಕೊಂಡು ರಿಪೇರಿ ಮಾಡಬಲ್ಲ ಡಾಕ್ ಜರ್ಮನರ ಕೈಲಿದ್ದ ಅಟ್ಲಾಂಟಿಕ್ ತೀರದಲ್ಲಿ ಅದೊಂದೇ. ಅದರ ಬಾಗಿಲು ಮುರಿದರೆ ಟಿರ್ಪಿಟ್ಸ್ ಅಟ್ಲಾಂಟಿಕ್‌ಗೆ ಇಳಿಯಲು ಹಿಂದುಮುಂದು ನೋಡಬೇಕಾಗುತ್ತದೆ. ಬಾಗಿಲೆಂದರೆ ಪಕ್ಕಕ್ಕೆ ಜರುಗುವ ಟೊಳ್ಳು ಉಕ್ಕಿನ ಪೆಟ್ಟಿಗೆ, ಸುಮಾರು 11 ಮೀಟರ್ ದಪ್ಪ. ಮುಖ್ಯ ಕಾಲುವೆ ತೋಪುಗಳ ಕಣ್ಣಡಿಯಲ್ಲಿ. ಉಳಿದದ್ದು ಮರಳು ದಿಬ್ಬಗಳ ಮೇಲೆ, ತುಂಬು ಉಬ್ಬರದಲ್ಲಿ ಮಾತ್ರ ದಾಟಬಹುದಾದ ತೆಳು ನೀರು.

1942ರ ಮಾರ್ಚ್‌ನಲ್ಲಿ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಮಾಡಿದ ಮಾರ್ಪಾಡು ಹೀಗಿದೆ. ನಾಲ್ಕರಲ್ಲಿ ಎರಡು ಚಿಮಣಿ ಕಿತ್ತು, ಉಳಿದೆರಡರ ಬಾಯನ್ನು ಓರೆಯಾಗಿ ಕತ್ತರಿಸಿದರು; ಕತ್ತಲಲ್ಲಿ ಜರ್ಮನ್ ಟಾರ್ಪಿಡೊ ದೋಣಿಯಂತೆ ಕಾಣಲಿ ಎಂದು. ಟಾರ್ಪಿಡೊ ಕೊಳವೆ ಎಲ್ಲ ಹೊರಗೆ. ಮೂತಿಯ ತೋಪಿನ ಜಾಗಕ್ಕೆ 12 ಪೌಂಡರ್, ಜೊತೆಗೆ 20 ಮಿಲಿಮೀಟರಿನ ಎಂಟು ಓರ್ಲಿಕಾನ್ ಸ್ವಯಂಚಾಲಿತ ತೋಪು. ಹಡಗು ನಡೆಸುವವರು ನಿಲ್ಲುವ ಬ್ರಿಡ್ಜ್‌ಗೆ ಉಕ್ಕಿನ ಹೊದಿಕೆ, ಡೆಕ್ಕಿನ ಉದ್ದಕ್ಕೂ ಕಮಾಂಡೊಗಳು ಮರೆಯಲ್ಲಿ ಮಲಗಲು ಉಕ್ಕಿನ ಹಲಗೆ ಸಾಲು. ಮದ್ದುಗುಂಡು, ಎಣ್ಣೆ ಎರಡನ್ನೂ ಅಳೆದು ತುಂಬಿದರು, ತಳ ಹಗುರಾಗಲೆಂದು.

ಸ್ಫೋಟಕದ ಜಾಗದಲ್ಲಿ ಕಾಣುವ ಯೋಚನೆ ಈ ಇಡೀ ಮಾರ್ಪಾಡಿನಲ್ಲೇ ಮೇಲಿನದು. ಬಾಗಿಲಿಗೆ ಹತ್ತಿರವಾಗಲಿ ಎಂದು ಮೂತಿಯ ತುದಿಯಲ್ಲೇ ಇಟ್ಟಿದ್ದರೆ ಡಿಕ್ಕಿಯಲ್ಲಿ ಮೂತಿಯ ಜೊತೆ ಅದೂ ಅಪ್ಪಚ್ಚಿ. ತೀರಾ ಹಿಂದಿಟ್ಟರೆ ಬಾಗಿಲಿಗೆ ಏಟು ತಾಗದು. ಲೆಫ್ಟಿನೆಂಟ್ ನೈಜಲ್ ಟಿಬಿಟ್ಸ್ ಆರಿಸಿದ್ದು ಮೂತಿಯ ತೋಪನ್ನು ಹೊತ್ತ ಉಕ್ಕಿನ ಕಂಬದ ಹಿಂಬದಿ, ಅಂದರೆ ನುಜ್ಜುಗುಜ್ಜು ನಿಲ್ಲಬಹುದಾದ ಗೆರೆಯಿಂದ ಸ್ವಲ್ಪ ಆಚೆ. ಉಕ್ಕಿನ ತೊಟ್ಟಿಯಲ್ಲಿ 24 ಡೆಪ್ತ್ ಚಾರ್ಜ್, ಒಟ್ಟು ತೂಕ ನಾಲ್ಕು ಟನ್ ಮೀರಿ, ಸುತ್ತ ಕಾಂಕ್ರೀಟ್. ಕಾಂಕ್ರೀಟ್ ಡಿಕ್ಕಿಯಿಂದಲೂ ಕಾಪಾಡುತ್ತದೆ, ಹುಡುಕುವವರ ಕಣ್ಣಿಂದಲೂ. ಹೊತ್ತಿಸಲು ಎಂಟು ಗಂಟೆ ತಡದ ಪೆನ್ಸಿಲ್ ಫ್ಯೂಸ್. ರಾಸಾಯನಿಕವೊಂದು ಒಳಗಿನ ತಡೆಯನ್ನು ನಿಧಾನಕ್ಕೆ ತಿಂದು ಮುಗಿಸಿದಾಗ ಸಿಡಿಯುವ ಜಾತಿ. ಗಡಿಯಾರದ ಟಿಕ್‌ಟಿಕ್ ಇಲ್ಲದಿರುವುದು ಲಾಭ. ಚಳಿ ಹೆಚ್ಚಿದರೆ ನಿಧಾನವಾಗುವುದು ನಷ್ಟ.

ಮಾರ್ಚ್ 26ರ ಮಧ್ಯಾಹ್ನ ಫಾಲ್ಮತ್ ಬಂದರಿನಿಂದ ಹೊರಟ ತಂಡದಲ್ಲಿ ಕ್ಯಾಂಬೆಲ್‌ಟೌನ್ ಜೊತೆ ಎರಡು ಬೆಂಗಾವಲು ಡಿಸ್ಟ್ರಾಯರ್, ಹದಿನಾರು ಮರದ ಮೋಟರ್ ಲಾಂಚ್, ಒಂದು ಗನ್ ಬೋಟ್, ಒಂದು ಟಾರ್ಪಿಡೊ ಬೋಟ್. ನದೀಮುಖದಲ್ಲಿ ತಳ ಎರಡು ಸಲ ಕೆಸರಿಗೆ ತಾಗಿತು, ಎರಡು ಸಲವೂ ಎಳೆದುಕೊಂಡು ದಾಟಿತು. ಜರ್ಮನ್ ಧ್ವಜ, ಜರ್ಮನ್ ಸಂಕೇತ ದೀಪಗಳಿಂದ ಕೆಲವು ಅಮೂಲ್ಯ ನಿಮಿಷ ಸಿಕ್ಕವು. ಗುಂಡಿನ ಮಳೆ ಶುರುವಾದ ಮೇಲೆ ಧ್ವಜ ಇಳಿಸಿ ಬ್ರಿಟಿಷ್ ಧ್ವಜ ಏರಿಸಿದರು. ಲೆಫ್ಟಿನೆಂಟ್ ಕಮಾಂಡರ್ ಸ್ಟೀಫನ್ ಬೀಟಿ ಹಡಗನ್ನು ಸುಮಾರು 20 ನಾಟ್‌ನಲ್ಲಿ ಬಾಗಿಲಿಗೆ ನುಗ್ಗಿಸಿದಾಗ 28ರ ನಸುಕಿನ 1.34. ಯೋಜನೆಯಲ್ಲಿದ್ದ ಸಮಯ 1.30. ಮೂತಿ ಸುಮಾರು 11 ಮೀಟರ್ ಹಿಂದಕ್ಕೆ ಮಡಚಿತು, ತೊಟ್ಟಿ ಇದ್ದಲ್ಲೇ ಉಳಿಯಿತು. ಟಿಬಿಟ್ಸ್ ಲೆಕ್ಕ ಸರಿಯಾಗಿತ್ತು. ಅವರು ಆ ರಾತ್ರಿ ಬದುಕಲಿಲ್ಲ. ಎಳೆದೊಯ್ಯಲು ಆಗದಂತೆ ಹಿಂಭಾಗಕ್ಕೆ ನೀರು ಬಿಟ್ಟು ಹಡಗನ್ನು ಅಲ್ಲೇ ಕೂರಿಸಿದರು. ಇಳಿದ ಕಮಾಂಡೊಗಳು ಡಾಕಿನ ಪಂಪ್‌ಹೌಸ್ ಮತ್ತು ಬಾಗಿಲು ಜರುಗಿಸುವ ಯಂತ್ರದ ಮನೆಗಳನ್ನು ಒಡೆದರು.

ಕೆಟ್ಟದ್ದು ಹಡಗಲ್ಲ, ಮರಳಿ ಕರೆತರಬೇಕಾಗಿದ್ದ ಲಾಂಚ್‌ಗಳು. ಮರದ ಮೈ, ಪೆಟ್ರೋಲ್ ಎಂಜಿನ್, ಡೆಕ್ಕಿನ ಮೇಲೆ ಹೆಚ್ಚುವರಿ ಪೆಟ್ರೋಲ್ ತೊಟ್ಟಿ. ಗುಂಡು ತಾಗಿದ್ದೇ ತಡ ಒಂದೊಂದಾಗಿ ಉರಿದವು. ದಾಳಿಗೆ ಹೋದ ಆರುನೂರಕ್ಕೂ ಮಿಕ್ಕಿದ ಜನರಲ್ಲಿ 169 ಮಂದಿ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಈ ದಾಳಿಗೆ ಸಂದ ಐದು ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕಗಳಲ್ಲಿ ಒಂದು ಬೀಟಿಯದು.

ಫ್ಯೂಸ್ ತಡಮಾಡಿತು. ಬೆಳಗ್ಗೆ 9ರೊಳಗೆ ಸಿಡಿಯಬೇಕಿದ್ದದ್ದು ಸಿಡಿಯಲಿಲ್ಲ. ಜರ್ಮನರು ಹಡಗನ್ನು ಜಾಲಾಡಿದರು, ಕಾಂಕ್ರೀಟಿನೊಳಗೆ ಇಣುಕಲಿಲ್ಲ. ಅಧಿಕಾರಿಗಳೂ ಕುತೂಹಲಿಗಳೂ ಡೆಕ್ ಹತ್ತಿದರು. ಗಡುವು ಮೀರಿದ ಮೇಲೆ, ಹಗಲಲ್ಲೇ, ನಾಲ್ಕು ಟನ್ ಒಟ್ಟಿಗೆ ಹೋಯಿತು. ಬಾಗಿಲು ಕಿತ್ತು ಸಮುದ್ರ ಒಳನುಗ್ಗಿತು, ಡಾಕಿನಲ್ಲಿದ್ದ ಎರಡು ಟ್ಯಾಂಕರ್‌ಗಳನ್ನು ಗೋಡೆಗೆ ಅಪ್ಪಳಿಸಿತು. ಕ್ಯಾಂಬೆಲ್‌ಟೌನ್‌ನ ಮುಂದಿನರ್ಧ ಉಳಿಯಲಿಲ್ಲ, ಹಿಂದಿನರ್ಧ ಆ ನೀರಿನ ಜೊತೆ ಡಾಕಿನೊಳಗೆ ತೇಲಿಹೋಗಿ ತಳ ಸೇರಿತು. ಯುದ್ಧ ಮುಗಿಯುವವರೆಗೂ ಆ ಡಾಕ್‌ಗೆ ಯಾವ ಹಡಗೂ ರಿಪೇರಿಗೆ ಬರಲಾಗಲಿಲ್ಲ.