ಹೃದಯದ ಚಿತ್ರ ಇರೋ ವಿಟಮಿನ್ ಕೆ2 ಡಬ್ಬಿ: ಎಂಟು ತಿಂಗಳು ನುಂಗಿದ ಮೇಲೆ

ಐದಕ್ಕೆ ಎರಡು ಸ್ಟಾರ್. ಒಂದು ಅದರಲ್ಲಿರುವ ವಿಟಮಿನ್ ಡಿಗೆ, ಇನ್ನೊಂದು ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಕಂಪನಿ ಹೆಸರು ಬರೆಯಲ್ಲ. ಇಂಥ ಡಬ್ಬಿಗಳು ಆನ್‌ಲೈನ್‌ನಲ್ಲಿ ಸಾಲು ಸಾಲಾಗಿವೆ, ಎಲ್ಲದರ ಮೇಲೂ ಅದೇ ಕೆಂಪು ಹೃದಯ, ಒಳಗೂ ಹೆಚ್ಚುಕಡಿಮೆ ಅದೇ ಸರಕು.

ಅಪ್ಪು ತೀರಿಕೊಂಡಾಗ ಅವರಿಗೆ 46. 2021ರ ಆ ಅಕ್ಟೋಬರ್ ಆದ ಮೇಲೆ ಜಿಮ್‌ಗೆ ಹೋಗೋರು, ಹೋಗದೋರು ಎಲ್ಲರೂ ಹೃದಯ ತೋರಿಸೋಕೆ ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದು ನೆನಪಿದೆ ಅಲ್ವಾ? ನಾನು ಆಗ ಹೋಗಲಿಲ್ಲ, ಸೋಮಾರಿತನ. ಹೋದ ವರ್ಷ 50 ತುಂಬಿತು, ಹೆಂಡತಿ ಬಿಡಲಿಲ್ಲ. ಕ್ಯಾಲ್ಸಿಯಂ ಸ್ಕೋರ್ ಅಂತ ಒಂದು ಸಿಟಿ ಸ್ಕ್ಯಾನ್ ಇದೆ. ಹೃದಯದ ರಕ್ತನಾಳಗಳ ಗೋಡೆಯಲ್ಲಿ ಎಷ್ಟು ಸುಣ್ಣ ಕೂತಿದೆ ಅಂತ ಎಣಿಸಿ ಹೇಳುತ್ತದೆ. ಸೊನ್ನೆ ಬಂದರೆ ಬಹುಮಟ್ಟಿಗೆ ನಿಶ್ಚಿಂತೆ, 100 ದಾಟಿದರೆ ಎಚ್ಚರ, 400 ದಾಟಿದರೆ ತುಂಬಾ ಜಾಸ್ತಿ. ನನಗೆ 137 ಬಂತು. ಡಾಕ್ಟರ್ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟು, ನಡೀರಿ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ ಅಂದರು. ನನಗೋ ಆ ಸುಣ್ಣವನ್ನು ಕೆರೆದು ತೆಗೆಯುವ ಏನಾದರೂ ಬೇಕಿತ್ತು. ರಾತ್ರಿ ಹನ್ನೆರಡಕ್ಕೆ ಫೋನ್ ಹಿಡಿದು ಕೂತವನಿಗೆ ಈ ಡಬ್ಬಿಯ ಜಾಹೀರಾತು ಸಿಕ್ಕಿತು: "ರಕ್ತನಾಳದ ಕ್ಯಾಲ್ಸಿಯಂ ಅನ್ನು ಮೂಳೆಗೆ ಕಳಿಸುತ್ತದೆ". 60 ಕ್ಯಾಪ್ಸೂಲ್, 849 ರೂಪಾಯಿ. ಒಂದರಲ್ಲಿ ಎಂಕೆ-7 ಅನ್ನೋ ಕೆ2 100 ಮೈಕ್ರೋಗ್ರಾಂ, ಡಿ3 2000 ಯುನಿಟ್. ನಾಲ್ಕು ಡಬ್ಬಿ ತರಿಸಿದೆ.

ಈ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರದಂತೆ ಕಾಯುವ ಎಂಜಿಪಿ ಅನ್ನೋ ಪ್ರೋಟೀನ್ ಇದೆ, ಅದು ಕೆಲಸಕ್ಕೆ ಇಳಿಯಬೇಕಾದರೆ ವಿಟಮಿನ್ ಕೆ ಬೇಕೇ ಬೇಕು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 4,807 ಜನರ ಊಟ ನೋಡಿ ಬರೆದ ವರದಿಯಲ್ಲಿ, ಕೆ2 ಜಾಸ್ತಿ ತಿಂದವರಲ್ಲಿ ಹೃದ್ರೋಗದಿಂದ ಸತ್ತವರು ಕಡಿಮೆ ಇದ್ದರು. ಆದರೆ ಅವರು ತಿಂದಿದ್ದು ಚೀಸ್‌ನಂಥ ಊಟದ ಪದಾರ್ಥ, ಕ್ಯಾಪ್ಸೂಲ್ ಅಲ್ಲ. ಮಾತ್ರೆಯನ್ನೇ ಕೊಟ್ಟು ನೋಡಿದ್ದು ಡೆನ್ಮಾರ್ಕ್‌ನವರು. ಹೃದಯದ ಕವಾಟದಲ್ಲಿ ಸುಣ್ಣ ಕೂತಿದ್ದ 365 ವಯಸ್ಸಾದ ಗಂಡಸರು, ಅರ್ಧ ಜನಕ್ಕೆ ದಿನಕ್ಕೆ 720 ಮೈಕ್ರೋಗ್ರಾಂ ಎಂಕೆ-7 ಜೊತೆಗೆ ವಿಟಮಿನ್ ಡಿ, ಇನ್ನರ್ಧಕ್ಕೆ ಬರೀ ಸಪ್ಪೆ ಮಾತ್ರೆ, ಎರಡು ವರ್ಷ. 2022ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಕವಾಟದ ಸುಣ್ಣ ಹೆಚ್ಚುಕಡಿಮೆ ಒಂದೇ ಥರ ಏರಿತ್ತು. ಲೆಕ್ಕ ಹಾಕಿ, ನನ್ನ ಕ್ಯಾಪ್ಸೂಲ್‌ನಲ್ಲಿರೋದು 100. ಅವರ ಮಟ್ಟಕ್ಕೆ ಬರಬೇಕಾದರೆ ನಾನು ದಿನಕ್ಕೆ ಏಳಕ್ಕಿಂತ ಜಾಸ್ತಿ ನುಂಗಬೇಕಿತ್ತು!

ಇನ್ನು ಡಿ. ಸರಿಯಾಗಿ ಇದೇ 2000 ಯುನಿಟ್ಟನ್ನು ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷದಷ್ಟು ಕಾಲ ಪರೀಕ್ಷಿಸಿದರು, ವೈಟಲ್ ಅಂತ ಹೆಸರು. ಹಾರ್ಟ್ ಅಟ್ಯಾಕ್ ಕಡಿಮೆ ಆಗಲಿಲ್ಲ. ನನಗೆ ರಕ್ತದಲ್ಲಿ ಡಿ 14 ಇದ್ದದ್ದು 33ಕ್ಕೆ ಏರಿತು, ಅದು ನಿಜ, ಅದಕ್ಕೇ ಒಂದು ಸ್ಟಾರ್. ಆದರೆ ಡಾಕ್ಟರ್ ಚೀಟಿ ಇದ್ದರೆ ಮೆಡಿಕಲ್ ಶಾಪಿನ 60 ಸಾವಿರ ಯುನಿಟ್‌ನ ಡಿ ಸ್ಯಾಶೆ ಇದಕ್ಕಿಂತ ಎಷ್ಟೋ ಅಗ್ಗ.

ಈಗ ನಿಜವಾದ ದೂರು. ಏಪ್ರಿಲ್‌ನಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ ಕೃತಕ ಕವಾಟ ಇದೆ, ಆರು ವರ್ಷದಿಂದ ರಕ್ತ ಗಡ್ಡೆ ಕಟ್ಟದಂತೆ ತಡೆಯುವ ಅಸಿಟ್ರಾಮ್ ಮಾತ್ರೆ ತಗೋತಾರೆ. ಮೇಜಿನ ಮೇಲಿದ್ದ ಡಬ್ಬಿಯ ಹೃದಯದ ಚಿತ್ರ ನೋಡಿ ಅಮ್ಮ ಸುಮ್ನೆ ದಿನಕ್ಕೊಂದರಂತೆ ಅಪ್ಪನ ಮಾತ್ರೆ ಪೆಟ್ಟಿಗೆಗೂ ಹಾಕಿದ್ದಾರೆ. ಮೂರು ವಾರ ನನಗೆ ಗೊತ್ತೇ ಆಗಲಿಲ್ಲ. ಸೆಕೆಗೆ ಕ್ಯಾಪ್ಸೂಲ್‌ಗಳು ಕರಗಿದ ಬೆಲ್ಲದ ಥರ ಐದಾರು ಒಟ್ಟಿಗೆ ಅಂಟಿಕೊಂಡಿದ್ದವು, ಹಾಗಾಗಿ ಎಣಿಕೆ ತಪ್ಪಿದ್ದೂ ಕಾಣಲಿಲ್ಲ. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿದರೆ ಯಾವಾಗಲೂ 2.8ರ ಆಸುಪಾಸು ಇರುತ್ತಿದ್ದದ್ದು 1.6, ಅಂದರೆ ರಕ್ತ ಬೇಗ ಗಡ್ಡೆ ಕಟ್ಟುವ ಮಟ್ಟ.

"ಏನ್ ಯಜಮಾನ್ರೆ, ಸೊಪ್ಪು ಜಾಸ್ತಿ ತಿಂದ್ರಾ?" ಅಂದರು ಡಾಕ್ಟರ್.

"ಇಲ್ಲ ಸಾರ್, ಎಂದಿನ ಹಾಗೆ ವಾರಕ್ಕೆರಡು ಸಲ."

ಅಮ್ಮ ಮೆಲ್ಲಗೆ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ್ ಅದನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿದರು. ಅಸಿಟ್ರಾಮ್ ಕೆಲಸ ಮಾಡೋದೇ ಸೊಪ್ಪಿನಲ್ಲೂ ಇರುವ ವಿಟಮಿನ್ ಕೆಯನ್ನು ತಡೆದು. ನಾವು ಅದನ್ನೇ ತುಂಬುತ್ತಿದ್ದೆವು. ಅದರಲ್ಲೂ ಎಂಕೆ-7 ಮೈಯಲ್ಲಿ ದಿನಗಟ್ಟಲೆ ಉಳಿಯುವಂಥದ್ದು, ಸ್ವಲ್ಪವೇ ಸಾಕು ಐಎನ್‌ಆರ್ ಅಲುಗಾಡಲು. ರಕ್ತ ಗಡ್ಡೆ ಕಟ್ಟಿ ಕವಾಟಕ್ಕೆ ಸಿಕ್ಕಿಕೊಂಡಿದ್ದರೆ? ಪುಣ್ಯಕ್ಕೆ ಏನೂ ಆಗಲಿಲ್ಲ. ಆಮೇಲೆ ಎರಡು ವಾರ ನಾಲ್ಕು ದಿನಕ್ಕೊಮ್ಮೆ ಅಪ್ಪನ ಕೈಗೆ ಸೂಜಿ.

ಮನೆಗೆ ಬಂದು ಲೇಬಲ್‌ನ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಎಫ್‌ಎಸ್‌ಎಸ್‌ಎಐ ನಂಬರ್ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಔಷಧಿಯಾಗಿ ಬಳಸಲು ಅಲ್ಲ" ಅಂತ ಇಂಗ್ಲಿಷ್‌ನಲ್ಲಿದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರ ಬಗ್ಗೆ ಒಂದಕ್ಷರ ಇಲ್ಲ. ಹೃದಯದ ಚಿತ್ರ ಮಾತ್ರ ಹೆಬ್ಬೆರಳಿನಷ್ಟು. ಕಸ್ಟಮರ್ ಕೇರ್‌ಗೆ ಬರೆದೆ, "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ಬಂತು, ಜೊತೆಗೆ ಮುಂದಿನ ಆರ್ಡರ್‌ಗೆ ಶೇ. 10 ರಿಯಾಯಿತಿ ಕೂಪನ್!

ಮನೆಯಲ್ಲಿ ಯಾರಾದರೂ ಅಸಿಟ್ರಾಮ್ ಅಥವಾ ವಾರ್ಫರಿನ್ ಮೇಲಿದ್ದರೆ ಈ ಡಬ್ಬಿಯನ್ನು ಅವರ ಕೈಗೆ ಸಿಗೋ ಜಾಗದಲ್ಲಿ ಇಡಬೇಡಿ. ನನ್ನ ಸ್ಕೋರ್ ಇಳಿಯಿತಾ ಅಂತ ಕೇಳೋರಿಗೆ: ಮತ್ತೆ ಸ್ಕ್ಯಾನ್ ಮಾಡಿಸಿಲ್ಲ, ಇಷ್ಟು ಬೇಗ ಬೇಡ ಅಂದರು ಡಾಕ್ಟರ್. ಸ್ಟ್ಯಾಟಿನ್ ತಗೊಂಡವರಲ್ಲಿ ಮೆತ್ತಗಿರೋ ಕೊಬ್ಬು ಗಟ್ಟಿಯಾಗಿ ಸ್ಕೋರ್ ಸ್ವಲ್ಪ ಏರೋದೂ ಉಂಟಂತೆ. "ನಾವು ಮಾತ್ರೆ ಕೊಡೋದು ನಂಬರ್ ಇಳಿಸೋಕಲ್ಲ, ಅಟ್ಯಾಕ್ ಆಗದೇ ಇರಲಿ ಅಂತ" ಅಂದರು. ಈಗ ಸ್ಟ್ಯಾಟಿನ್ ಮತ್ತು ಬೆಳಗಿನ ವಾಕಿಂಗ್ ಅಷ್ಟೇ. ಹಪ್ಪಳ ಇನ್ನೂ ಪೂರ್ತಿ ಬಿಟ್ಟಿಲ್ಲ.

ಎರಡನೇ ಸ್ಟಾರ್ ಡಬ್ಬಿಗೆ. ದಪ್ಪ ಗಾಜು, ಮುಚ್ಚಳ ಬಿಗಿಯಾಗಿ ಕೂರುತ್ತದೆ. ಅಮ್ಮ ಬಿಸಿನೀರಲ್ಲಿ ತೊಳೆದು, ಲೇಬಲ್ ಕಿತ್ತು, ಏಲಕ್ಕಿ ತುಂಬಿಟ್ಟಿದ್ದಾರೆ.